ನಾಲ್ಕನೆಯ ನಟ್ಟಿಗೆ ಸುಣ್ಣವಿರಲಿಲ್ಲ

ಬೀಗ ಹಾಕಿದ ಶೆಡ್ಡಿನೊಳಗೆ ನಿಂತಿದ್ದ ಕಾರಿನ ಬಾನೆಟ್ಟು ಎತ್ತಿದಾಗ ಬ್ಯಾಟರಿಯ ನಟ್ಟಿನ ಮೇಲೆ ಒಂದು ಬೊಟ್ಟು ಸುಣ್ಣ ಕಂಡಿತು. ಕೇದಾರಿ ಬೆರಳು ತಾಗಿಸಿ ನೋಡಿದ. ಸುಣ್ಣ ಇನ್ನೂ ಹಸಿಯಾಗಿತ್ತು.

ಅವನು ಹತ್ತು ದಿನದಿಂದ ಬಾನೆಟ್ಟು ಎತ್ತಿರಲಿಲ್ಲ. ಅದು ಅವನಿಗೆ ಚೆನ್ನಾಗಿ ನೆನಪಿತ್ತು. ಶೆಡ್ಡಿಗೆ ಒಂದೇ ಬಾಗಿಲು, ಬಾಗಿಲಿಗೆ ಒಂದೇ ಬೀಗ. ಆ ಬೀಗದ ಕೈಯೂ ಕಾರಿನ ಚಾವಿಯೂ ಅವನ ಉಡದಾರಕ್ಕೆ ಕಟ್ಟಿದ್ದವು. ಸ್ನಾನಕ್ಕೆ ಕುಳಿತಾಗಲೂ ಸೊಂಟ ಬಿಟ್ಟು ಹೋಗುತ್ತಿರಲಿಲ್ಲ. ಮನೆಯಲ್ಲಿದ್ದವರು ಮೂವರೇ. ಅವನು, ಹೆಂಡತಿ ಸಾವಂತ್ರೆವ್ವ, ಮೊದಲ ಹೆರಿಗೆಗೆಂದು ಮೂಡಲಗಿಯಿಂದ ತವರಿಗೆ ಬಂದಿದ್ದ ಮಗಳು ನಂದಿನಿ. ಸಾವಂತ್ರೆವ್ವನಿಗೆ ಬಾನೆಟ್ಟು ಎಲ್ಲಿಂದ ತೆರೆಯುತ್ತದೆಂಬುದೇ ಗೊತ್ತಿರಲಿಲ್ಲ. ನಂದಿನಿಗೆ ಏಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವುದೇ ಅವಳಿಗೆ ಕಷ್ಟ.

ಕೇದಾರಿ ಬೆರಳನ್ನು ಅಂಗಿಯ ತುದಿಗೆ ಒರೆಸಿಕೊಂಡು ಬಾನೆಟ್ಟು ಇಳಿಸಿದ.

ಅವನು ಮೂವತ್ತೆರಡು ವರ್ಷ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಕೊನೆಯ ಹದಿನೈದು ವರ್ಷ ಯಮಕನಮರಡಿಯಲ್ಲಿ. ಘೋಡಗೇರಿಯ ಅವನ ಓಣಿಯಲ್ಲಿ ಅಪ್ಪಂದಿರೆಲ್ಲ ಪರರ ಹೊಲದಲ್ಲಿ ದುಡಿದವರು. ಆ ಓಣಿಗೆ ಬಂದ ಮೊದಲ ಕಾರು ಕೇದಾರಿಯದು. ಬಿಳಿಯ ಸಣ್ಣ ಕಾರು. ಕೊಂಡಾಗಲೇ ನಾಲ್ಕು ವರ್ಷ ಹಳೆಯದು, ಈಗ ಹತ್ತೊಂಬತ್ತು ವರ್ಷದ್ದು. ತಂದ ದಿನ ಓಣಿಯ ಮುದುಕಿಯರನ್ನೆಲ್ಲ ನಾಲ್ಕು ನಾಲ್ಕು ಜನರಂತೆ ಕೂಡಿಸಿಕೊಂಡು ಕಬ್ಬಿನ ಗದ್ದೆಯ ತನಕ ಹೋಗಿ ಬಂದಿದ್ದ. ಮುಂದಿನ ಗಾಜಿನ ಬುಡದಲ್ಲಿ ಅಂದು ಅಂಟಿಸಿದ ಪುಟ್ಟ ಮಣ್ಣಿನ ಬುದ್ಧ ಇಂದಿಗೂ ಅಲ್ಲೇ ಕಣ್ಣು ಮುಚ್ಚಿ ಕುಳಿತಿದ್ದ. ಬಿಸಿಲಿಗೆ ಅವನ ಒಂದು ಕಿವಿಯ ಬಣ್ಣ ಉದುರಿತ್ತು.

ಹೊಸತರಲ್ಲಿ ಒಮ್ಮೆ ಮಾತ್ರ ಕಾರನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದಿದ್ದ. ಅಲ್ಲಿ ಯಾರೂ ಕೆಟ್ಟದಾಗಿ ನಡೆಸಿಕೊಂಡಿರಲಿಲ್ಲ. ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಆದರೆ ಕಾರು ದೊಡ್ಡ ಗಾಜಿನ ಆಚೆ ಹೋಯಿತು, ಅವನು ಈಚೆ ಉಳಿದ. ಗಾಜಿನ ಮೇಲೆ ಒಳಗೆ ಪ್ರವೇಶವಿಲ್ಲ ಎಂದು ಬರೆದಿತ್ತು. ಹೊರಗೆ ನಿಂತು ಒಳಗಿನದನ್ನು ನೋಡುವುದು ಅವನ ಮನೆತನಕ್ಕೆ ಹೊಸದಾಗಿರಲಿಲ್ಲ. ಚಹಾ ಅರ್ಧ ಬಿಟ್ಟು ಎದ್ದಿದ್ದ.

ಆಗ ಸಿಕ್ಕವನು ಇಸ್ಮಾಯಿಲ. ಗೋಕಾಕದಿಂದ ಅಂಕಲಗಿಗೆ ಹೋಗುವ ದಾರಿಯಲ್ಲಿ ಬೇವಿನ ಮರದ ಕೆಳಗೆ ಅವನ ಗ್ಯಾರೇಜು. ಕೇದಾರಿ ರಸ್ತೆಯ ಅಂಚಿನಲ್ಲೇ ಕೈಕಟ್ಟಿ ನಿಂತಿದ್ದನ್ನು ಕಂಡು, ಕಾರಿನ ಅಡಿಯಿಂದ ತಲೆ ಮಾತ್ರ ಹೊರಗೆ ಹಾಕಿ, "ಯಾಕ ಭಾಯಿ, ಹೊರಗ ನಿಂತಿ? ಗಾಡಿ ನಿಂದೋ ನನ್ನದೋ? ಒಳಗ ಬಾ, ಕೈ ಹೊಲಸ ಮಾಡಕೋ," ಎಂದಿದ್ದ.

ಅಂದಿನಿಂದ ಹನ್ನೆರಡು ವರ್ಷ, ರವಿವಾರ ತಪ್ಪದೆ, ಕೇದಾರಿ ಅಲ್ಲಿ ಕೈ ಹೊಲಸು ಮಾಡಿಕೊಂಡ. ಪ್ಲಗ್ಗು ತೆಗೆದು ಉಜ್ಜುವುದು, ಬ್ರೇಕಿನ ಎಣ್ಣೆ ತುಂಬುವುದು, ಇಂಜಿನ್ನಿನ ಸದ್ದು ಕೇಳಿ ಅದರ ನೋವು ಎಲ್ಲಿದೆ ಎಂದು ಹೇಳುವುದು, ಎಲ್ಲ ಕಲಿತ. ಇಸ್ಮಾಯಿಲ ಬೋಲ್ಟು ಬಿಗಿಯುವಾಗ ಪಾನಾದ ಹಿಡಿಕೆಯ ಮೇಲೆ ಕಾಲಿಟ್ಟು ಮೈಯ ಭಾರವನ್ನೆಲ್ಲ ಬಿಡುತ್ತಿದ್ದ. ಅವನು ಬಿಗಿದದ್ದನ್ನು ಬಿಚ್ಚಲು ಅವನೇ ಬರಬೇಕು ಎಂದು ಗೋಕಾಕದ ಮೇಸ್ತ್ರಿಗಳು ನಗುತ್ತಿದ್ದರು. ಗಾಲಿಯ ಕೆಲಸ ಮುಗಿದ ಮೇಲೆ ಪಾನಾದಿಂದ ಅದಕ್ಕೆ ಮೂರು ಸಲ ಬಡಿಯುತ್ತಿದ್ದ. ಟಕ್, ಟಕ್, ಟಕ್. "ಹೋಗಿ ಬಾ ಅಂತ ಹೇಳಬೇಕಲ್ಲ ಅದಕ್ಕ," ಎನ್ನುತ್ತಿದ್ದ. ಬಾಯಲ್ಲಿ ಯಾವಾಗಲೂ ಒಂದು ಲವಂಗ.

ಆ ಗ್ಯಾರೇಜಿನ ಇನ್ನೊಂದು ನೇಮ ಸುಣ್ಣದ್ದು. ಬಿಗಿಯಾದ ಬೋಲ್ಟಿಗೆ ಒಂದು ಬೊಟ್ಟು ಸುಣ್ಣ. ಸುಣ್ಣವಿದ್ದರೆ ಅದರ ಕೆಲಸ ಮುಗಿಯಿತು, ಮತ್ತೆ ಕೈ ಹಚ್ಚಬೇಕಾಗಿಲ್ಲ. ಸುಣ್ಣವಿಲ್ಲದ್ದು ಬಾಕಿ. ತಂಬಾಕು ತಿನ್ನುವವರ ಚಂಚಿಯಲ್ಲಿ ಸುಣ್ಣದ ಡಬ್ಬಿ ಹೇಗೂ ಇರುತ್ತದೆ. ಬೇರೆ ಬಣ್ಣ ಯಾಕೆ ಬೇಕು?

ಎರಡು ವರ್ಷದ ಹಿಂದೆ ರಂಜಾನ್ ತಿಂಗಳಲ್ಲಿ ಇಸ್ಮಾಯಿಲ ತೀರಿಕೊಂಡ. ಗ್ಯಾರೇಜಿದ್ದಲ್ಲಿ ಮೊಬೈಲ್ ಅಂಗಡಿ ಬಂತು, ಬೇವಿನ ಮರ ಉಳಿಯಿತು. ಕೇದಾರಿ ಶೆಡ್ಡಿನಲ್ಲಿ ಒಬ್ಬನೇ ಆದ.

ಬ್ಯಾಟರಿಯ ಮೇಲೆ ಸುಣ್ಣ ಕಂಡ ಮೂರನೆಯ ದಿನ ಪ್ಲಗ್ಗುಗಳ ಪಕ್ಕ ಮೂರು ಬೊಟ್ಟು ಕಂಡವು. ಆಮೇಲೆ ಗಾಳಿಯ ಫಿಲ್ಟರಿನ ತಿರುಪುಗಳ ಮೇಲೆ. ಆಮೇಲೆ ಬಾಗಿಲಿನ ಕೀಲುಗಳ ಮೇಲೆ, ಸೀಟಿನ ಕೆಳಗಿನ ಬೋಲ್ಟುಗಳ ಮೇಲೆ. ಸಂಜೆ ಚಹಾ ಕುಡಿದು ಶೆಡ್ಡು ತೆಗೆದಾಗ ಸಿಗುತ್ತಿದ್ದವು, ಯಾವಾಗಲೂ ಹಸಿಹಸಿ. ಒಳಗೆ ಲವಂಗದ ವಾಸನೆ ನಿಂತಿರುತ್ತಿತ್ತು.

ಮೊದಲ ವಾರ ಅವನು ಶೆಡ್ಡಿನ ಮೂಲೆಗಳನ್ನೂ ಚಾವಣಿಯನ್ನೂ ಹುಡುಕಿದ. ತಗಡಿನಲ್ಲಿ ಬೆಕ್ಕು ತೂರುವಷ್ಟು ಸಂದೂ ಇರಲಿಲ್ಲ. ಎರಡನೆಯ ವಾರ ಹುಡುಕುವುದನ್ನು ಬಿಟ್ಟ. ಬಾಗಿಲು ತೆಗೆಯುವ ಮುನ್ನ ಒಮ್ಮೆ ಕೆಮ್ಮುವುದನ್ನು ರೂಢಿಸಿಕೊಂಡ, ಒಳಗೆ ಯಾರೋ ಇರುವ ಮನೆಗೆ ಹೋಗುವವರ ಹಾಗೆ. ಪಾನಾಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟ. ಇಸ್ಮಾಯಿಲನಿಗೆ ಅಸ್ತವ್ಯಸ್ತ ಆಗುತ್ತಿರಲಿಲ್ಲ. ಭಯದ ಜಾಗದಲ್ಲಿ ಒಂದು ಬೆಚ್ಚನೆಯ ಸಮಾಧಾನ ಬಂದು ಕುಳಿತಿತ್ತು. ಗುರು ಬಂದು ನೋಡಿ ಹೋಗುತ್ತಿದ್ದಾನೆ. ತಾನು ಒಬ್ಬನೇ ಅಲ್ಲ.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ನಂದಿನಿ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಊಟ ಮಾಡಿ ಮಲಗಿದ್ದ ಅಪ್ಪ ಅಂಗಳ ದಾಟಿ ಬರುತ್ತಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನೆತ್ತಿಯ ಮೇಲಿನ ಬಿಸಿಲಿಗೆ ಅವನ ನೆರಳು ಪಾದದಡಿ ಮುದುಡಿತ್ತು. ಕಾದ ಹಾಸುಗಲ್ಲಿನ ಮೇಲೆ ನಿಧಾನವಾಗಿ, ತಂಪಾದ ಮಣ್ಣಿನ ಮೇಲೆ ನಡೆದಂತೆ, ಹೆಜ್ಜೆ ಇಡುತ್ತಿದ್ದ.

"ಅಪ್ಪಾ, ಕಾಲ ಸುಡೂದಿಲ್ಲೇನ?" ಎಂದಳು.

ಅವನು ಕಿಟಕಿಯ ಕಡೆಗೇ ನೋಡಿದ. ಕಣ್ಣು ತೆರೆದಿದ್ದವು. ಆದರೆ ಆ ನೋಟ ಅವಳನ್ನು ಮುಟ್ಟದೆ, ಅವಳ ಹಿಂದೆ ನಿಂತ ಇನ್ಯಾರನ್ನೋ ನೋಡುವಂತೆ ಹಾದುಹೋಯಿತು. ನಂದಿನಿ ತಿರುಗಿ ನೋಡಿದಳು. ಹಿಂದೆ ನೀರಿನ ಕೊಡ ಮಾತ್ರ ಇತ್ತು. ಬಿಸಿಲಿಗೆ ಅಪ್ಪನ ತಲೆ ಸುತ್ತಿರಬೇಕೆಂದುಕೊಂಡು ತನ್ನ ಕೆಲಸಕ್ಕೆ ಮರಳಿದಳು.

ಸಾವಂತ್ರೆವ್ವ ಬಟ್ಟೆ ಒಗೆಯುವಾಗ ಅವನ ಅಂಗಿಯ ಜೇಬಿನಲ್ಲಿ ಲವಂಗ ಸಿಕ್ಕವು. ಒಮ್ಮೆ ಮೂರು, ಇನ್ನೊಮ್ಮೆ ಐದು.

"ಯಾವಾಗಿಂದ ಲವಂಗ ತಿನ್ನಾಕ ಹತ್ತೀರಿ?" ಎಂದು ಕೇಳಿದ್ದಳು.

"ನಾನ? ನನಗ ಅದರ ಖಾರ ಆಗಿ ಬರೂದಿಲ್ಲ. ನಿನಗ ಗೊತ್ತಿಲ್ಲೇನ?" ಎಂದಿದ್ದ.

ಗೊತ್ತಿತ್ತು. ಅದಕ್ಕೇ ಅವಳು ಆ ಲವಂಗಗಳನ್ನು ಮಸಾಲೆಯ ಡಬ್ಬಿಗೆ ಹಾಕಲಿಲ್ಲ. ಒಂದು ಚಿಂದಿಯಲ್ಲಿ ಕಟ್ಟಿ ಬೇರೆ ಇಟ್ಟಳು.

ಕಾರಿನ ಜಗಳ ಎದ್ದದ್ದು ಒಂದು ರಾತ್ರಿಯೂಟದ ಹೊತ್ತಿಗೆ. ಎರಡು ವಾರದ ಹಿಂದೆ ಎಡಗಡೆಯ ಮುಂದಿನ ಗಾಲಿ ಪಂಕ್ಚರ್ ಆಗಿತ್ತು. ಮಧ್ಯಾಹ್ನ ಕೇದಾರಿಯೇ ಜಾಕ್ ಹಚ್ಚಿ ಗಾಲಿ ಬದಲಿಸಿದ್ದ. ಆಮೇಲೆ ಕಾರು ಶೆಡ್ಡು ಬಿಟ್ಟಿರಲಿಲ್ಲ.

"ಅಪ್ಪಾ, ಗಾಡಿ ಒಮ್ಮೆ ಗೋಕಾಕಕ್ಕ ಒಯ್ದು ಕಂಪನಿ ಸರ್ವಿಸಿಗೆ ಕೊಡು," ಎಂದಳು ನಂದಿನಿ.

"ಯಾಕ? ಏನಾಗೇತಿ ಅದಕ್ಕ?"

"ಏನಾಗೇತಿ ಅಂತ ನೋಡಾಕನ ಕೊಡೂದು."

"ನಾ ನೋಡಾಕತ್ತೇನಲ್ಲ?"

"ನೀ ದನದ ಕಂಪೌಂಡರ್ ಅಪ್ಪಾ."

"ದನಾ ಬಾಯಿಬಿಟ್ಟ ಹೇಳತಾವೇನ ಇಲ್ಲಿ ನೋಯತೈತಿ ಅಂತ? ಗಾಡಿನೂ ಹೇಳಂಗಿಲ್ಲ. ಎರಡಕ್ಕೂ ಕೈಯಿಟ್ಟ ನೋಡಬೇಕು."

"ಎಮ್ಮಿ ಆಗಿದ್ರ ಹಾಲರೆ ಕೊಡತಿತ್ತು," ಎಂದಳು ಸಾವಂತ್ರೆವ್ವ, ರೊಟ್ಟಿ ಮುರಿಯುತ್ತ. "ನನ್ನ ಮೊಣಕಾಲ ನೋವಿಗೆ ಒಂದ ದಿನ ಎಣ್ಣಿ ಹಚ್ಚಲಿಲ್ಲ ಈ ಮನಷ್ಯಾ. ಅದರ ಕೀಲಿಗೆ ದಿನಾ ಹಚ್ಚತಾನ."

ನಂದಿನಿ ನಗಲಿಲ್ಲ. "ಹಂಗಾರ ದಿನಾ ತುಂಬಿದಾಗ ಅವರು ಮೂಡಲಗಿಯಿಂದ ಬಾಡಿಗಿ ಗಾಡಿ ತರತಾರ. ನಾ ಅದರಾಗ ದವಾಖಾನಿಗೆ ಹೋಗತೇನಿ," ಎಂದಳು. ಅವಳ ಗಂಡ ಅಜಿತ ಮೂಡಲಗಿಯಲ್ಲಿ ಹೈಸ್ಕೂಲು ಮಾಸ್ತರ.

ಕೇದಾರಿಯ ಕೈ ತಟ್ಟೆಯಲ್ಲೇ ನಿಂತಿತು. ಈ ಮಾತು ಅವನಿಗೆ ಎಲ್ಲಿ ತಾಗುತ್ತದೆಂದು ಮೂವರಿಗೂ ಗೊತ್ತಿತ್ತು. ನಂದಿನಿ ಹುಟ್ಟುವ ಹೊತ್ತಿಗೆ ಅವನು ಚಕ್ಕಡಿಗಾಗಿ ನಾಲ್ಕು ಮನೆಯ ಅಂಗಳದಲ್ಲಿ ಕೈಮುಗಿದು ನಿಂತಿದ್ದ. ಮೂರು ಮನೆಯವರ ಎತ್ತುಗಳು ಅಂದು ದಣಿದಿದ್ದವು. ನಾಲ್ಕನೆಯ ಮನೆಯ ಚಕ್ಕಡಿ ಸಿಗುವಷ್ಟರಲ್ಲಿ ಸಾವಂತ್ರೆವ್ವ ಅರ್ಧ ಸತ್ತಿದ್ದಳು. ಮಗಳ ಮಗು ತನ್ನ ಕಾರಿನಲ್ಲೇ ಮನೆಗೆ ಬರಬೇಕು. ಹತ್ತೊಂಬತ್ತು ವರ್ಷದ ಕಾರನ್ನು ಅವನು ಮಾರದೆ ಇಟ್ಟುಕೊಂಡದ್ದು ಅದಕ್ಕೇ.

"ನಾ ಒಬ್ಬಾಂವನ ನೋಡಾಕತ್ತಿಲ್ಲ," ಎಂದ ಮೆಲ್ಲಗೆ. "ಇಸ್ಮಾಯಿಲನೂ ನೋಡಾಕತ್ತಾನ."

"ಯಾವ ಇಸ್ಮಾಯಿಲ?"

"ನನಗ ಎಷ್ಟ ಮಂದಿ ಇಸ್ಮಾಯಿಲರು ಅದಾರ?"

"ಅಂವ ಸತ್ತ ಎರಡ ವರ್ಷ ಆತಲ್ರಿ," ಎಂದಳು ಸಾವಂತ್ರೆವ್ವ.

"ಹೌದು. ಅದಕ್ಕನ ಬೀಗಾ ತಗೀದನ ಬರತಾನ."

ಕೇದಾರಿ ಎದ್ದು, ಕೈ ತೊಳೆದು, ಟಾರ್ಚು ಹಿಡಿದು ಅವರಿಬ್ಬರನ್ನೂ ಶೆಡ್ಡಿಗೆ ಕರೆದೊಯ್ದ. ಬಾಗಿಲ ಮುಂದೆ ಕೆಮ್ಮಿದ. ಬೆಳಕು ಬಿದ್ದ ಕಡೆಯೆಲ್ಲ ಸುಣ್ಣದ ಬೊಟ್ಟುಗಳು ಬಿಳಿ ಕಣ್ಣುಗಳ ಹಾಗೆ ಒಂದೊಂದಾಗಿ ತೆರೆದುಕೊಂಡವು. ನಂದಿನಿ ಲವಂಗದ ವಾಸನೆಯನ್ನು ತಾನೂ ಮೂಸಿದಳು. ಹೊಟ್ಟೆಯೊಳಗೆ ಮಗು ಒಮ್ಮೆ ಹೊರಳಿತು. ಸಾವಂತ್ರೆವ್ವ ಬಾಗಿಲಲ್ಲೇ ನಿಂತಿದ್ದಳು. ಚಿಂದಿಯಲ್ಲಿ ಕಟ್ಟಿಟ್ಟ ಲವಂಗದ ಮಾತು ಅವಳ ಬಾಯಿಗೆ ಬಂದಿತ್ತು. ಆಡಿದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿ ನುಂಗಿದಳು.

"ಇಸ್ಮಾಯಿಲ ಕಾಕಾನ ಮಗಳು ತಬಸ್ಸುಮ ಅಲ್ಲೇ ಸರ್ವಿಸ್ ಸೆಂಟರಿನ್ಯಾಗ ಕೆಲಸಾ ಮಾಡತಾಳ," ಎಂದಳು ನಂದಿನಿ ಕೊನೆಗೆ. "ಕಾಲೇಜಿನ್ಯಾಗ ನನಗಿಂತ ಒಂದ ವರ್ಷ ಮುಂದ ಇದ್ಲು. ಅಕಿಗೆ ತೋರಸೂಣು ಇದನ್ನ?"

ಕೇದಾರಿಯ ಮುಖ ಅರಳಿತು. "ಸಣ್ಣಾಕಿದ್ದಾಗ ಅಪ್ಪಗ ಬುತ್ತಿ ತರತಿದ್ಲು. ಹೌದು, ಅಕಿಗೆ ತೋರಿಸಬೇಕು. ಅಪ್ಪನ ಕೈ ಗುರ್ತಾ ಮಗಳು ನೋಡಬೇಕು."

ಹಾಗೆ ಅವನು ಹದಿನಾಲ್ಕು ವರ್ಷದ ಹಟವನ್ನು ಒಂದೇ ಮಾತಿಗೆ ಬಿಟ್ಟ. ರಿಪೇರಿ ಮಾಡಿಸಲು ಅಲ್ಲ, ತೋರಿಸಲು.

ಮರುದಿನ ಬೆಳಿಗ್ಗೆ ಹೊರಟರು. ಗೋಕಾಕದ ದವಾಖಾನೆಯಲ್ಲಿ ನಂದಿನಿಯ ತಪಾಸಣೆಯೂ ಅಂದೇ ಇತ್ತು. ಅವಳು ಮುಂದೆ ಎಡಗಡೆ ಕುಳಿತಳು, ಸಾವಂತ್ರೆವ್ವ ಹಿಂದೆ. ಇಂಜಿನ್ನು ಒಂದೇ ತಿರುವಿಗೆ ಎದ್ದಿತು. ರಸ್ತೆಯ ಎರಡೂ ಬದಿ ಕಬ್ಬು ಆಳೆತ್ತರ ನಿಂತಿತ್ತು. ಅದರ ನಡುವೆ ಬೆಳಗಿನ ಮಂಜು ಕದಲದೆ ಕುಳಿತಿತ್ತು.

ಹೊಳೆಯ ಸೇತುವೆಯ ಮೇಲೆ ಬಂದಾಗ ಸದ್ದು ಶುರುವಾಯಿತು.

ಟಕ್. ಟಕ್. ಟಕ್.

ಕೇದಾರಿ ಕಿಟಕಿಯ ಗಾಜು ಇಳಿಸಿದ. ಸದ್ದು ನಿಂತಿತು. ಮತ್ತೆ ಬಂತು, ಮೂರು ಸಲ. ಎಡಗಡೆಯಿಂದ, ನಂದಿನಿಯ ಕಾಲಿನ ಹತ್ತಿರದಿಂದ, ಹೊರಗೆ ಯಾರೋ ಕಾರಿನ ಜೊತೆಗೆ ನಡೆಯುತ್ತ ತಗಡನ್ನು ಬಡಿಯುವ ಹಾಗೆ.

"ಕೇಳಿದ್ರೇನ?" ಎಂದ. ಅವನ ದನಿಯಲ್ಲಿ ಹಬ್ಬವಿತ್ತು. "ಅಂವನ. ಮೂರ ಸಲ. ಹೋಗಿ ಬಾ ಅಂತಾನ."

"ಅಪ್ಪಾ, ಗಾಡಿ ನಿಂದರಸು."

"ಏನೂ ಆಗೂದಿಲ್ಲ ಮಗಳ."

"ಅಪ್ಪಾ!"

"ನಡುವ ನಿಂದರಸಿದ್ರ ಅಂವಗ ಸಿಟ್ಟ ಬರತೈತಿ," ಎಂದು ಕೇದಾರಿ ಮುಂದೆ ನೋಡಿದ. ಅವಳಿಗೆ ಆ ನೋಟ ಗುರುತಾಯಿತು. ಕಿಟಕಿಯಲ್ಲಿ ತನ್ನನ್ನು ದಾಟಿ ಹೋದ ನೋಟ ಅದೇ.

ಹಿಂದಿನಿಂದ ಸಾವಂತ್ರೆವ್ವ ಗಂಡನ ಹೆಗಲ ಮೇಲೆ ಕೈಯಿಟ್ಟಳು. ಬೈಯಲಿಲ್ಲ. "ಸಾವಕಾಶ ಹೋಗ್ರಿ," ಎಂದಳು, ಮಲಗಿದವರನ್ನು ಬೆಚ್ಚಿಸದೆ ಮಾತಾಡುವ ದನಿಯಲ್ಲಿ. "ಚಕ್ಕಡಿ ಹೊಡದಂಗ ಹೊಡೀರಿ. ನನ್ನ ಆವತ್ತ ಒಯ್ದಂಗ."

ಅವನ ಕಾಲು ತಾನಾಗಿ ಹಗುರಾಯಿತು. ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಅವರನ್ನು ದಾಟಿ ಹೋದವು. ಗೋಕಾಕ ಮುಟ್ಟುವ ತನಕ ಸದ್ದು ಜೊತೆಯಲ್ಲೇ ಬಂತು. ಮೊದಲು ಮೂರು ಸಲ ಬಡಿದು ನಿಲ್ಲುತ್ತಿದ್ದದ್ದು ಕೊನೆಕೊನೆಗೆ ನಿಲ್ಲುವುದನ್ನೇ ಮರೆತಿತ್ತು. ನಂದಿನಿ ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ಮಣ್ಣಿನ ಬುದ್ಧನನ್ನೇ ನೋಡುತ್ತ ಕುಳಿತಿದ್ದಳು. ಬುದ್ಧ ನಡುಗುತ್ತಿದ್ದ.

ಸರ್ವಿಸ್ ಸೆಂಟರಿನಲ್ಲಿ ದೊಡ್ಡ ಗಾಜು ಇತ್ತು. ಅದರ ಮೇಲೆ ಅದೇ ಬರಹ. ಕೇದಾರಿ ಅದರ ಮುಂದೆ ಬಂದು ಕೈಕಟ್ಟಿ ನಿಂತ.

ನೀಲಿ ಕೋಟು ಹಾಕಿದ ತಬಸ್ಸುಮ ಒಳಗಿನಿಂದ ಬಂದವಳು ಅವನನ್ನು ಕಂಡು ಒಂದು ಗಳಿಗೆ ಚಿಕ್ಕ ಹುಡುಗಿಯಾದಳು. "ಕೇದಾರಿ ಕಾಕಾ! ಹೊರಗ್ಯಾಕ ನಿಂತೀರಿ? ಒಳಗ ಬರ್ರಿ," ಎಂದು ಗಾಜಿನ ಬಾಗಿಲು ತೆರೆದು ಹಿಡಿದಳು.

ಅವನು ಹೊಸ್ತಿಲ ಮೇಲೆ ತಡೆದ. ಹೊರಗ್ಯಾಕೆ ನಿಂತಿ, ಒಳಗೆ ಬಾ. ಅದೇ ಮಾತು. ಆಮೇಲೆ ಒಳಗೆ ಹೋದ.

ಯಲ್ಲಾರಿ ಎಂಬ ನಡುವಯಸ್ಸಿನ ಮೇಸ್ತ್ರಿ ಕಾರನ್ನು ಲಿಫ್ಟಿನ ಮೇಲೆ ಎತ್ತಿದ. ಕೇದಾರಿ ಉತ್ಸಾಹದಿಂದ ಒಂದೊಂದೇ ಬೊಟ್ಟು ತೋರಿಸುತ್ತ ಬಂದ. "ನೋಡವ್ವಾ, ಇಲ್ಲಿ. ಇದು ನಿನ್ನಿದು. ಇದು ಸೋಮವಾರದ್ದು. ನಿಮ್ಮ ಅಪ್ಪ ಬಂದ ಬಿಗದ ಹೋಗ್ಯಾನ, ಸುಣ್ಣಾ ಇಟ್ಟಾನ."

ತಬಸ್ಸುಮ ನಗಲೂ ಇಲ್ಲ, ಹೆದರಲೂ ಇಲ್ಲ. ನಂದಿನಿಯ ಮುಖ ನೋಡಿದಳು. ನಂದಿನಿ ಎಡಗಡೆಯ ಮುಂದಿನ ಗಾಲಿಯ ಕಡೆಗೆ ಬೆರಳು ತೋರಿಸಿದಳು. ಯಲ್ಲಾರಿ ಹೋಗಿ ಮೊದಲ ನಟ್ಟನ್ನು ಬರಿಗೈಯಲ್ಲಿ ಹಿಡಿದ. ಅದರ ಮೇಲೆ ಬಿಳಿ ಸುಣ್ಣ. ನಟ್ಟು ಡಬ್ಬಿಯ ಮುಚ್ಚಳದ ಹಾಗೆ ಸುಮ್ಮನೆ ತಿರುಗಿ ಅವನ ಅಂಗೈಗೆ ಬಂತು.

ಎರಡನೆಯದೂ ಹಾಗೆಯೇ ಬಂತು. ಮೂರನೆಯದೂ. ಮೂರರ ಮೇಲೂ ಸುಣ್ಣವಿತ್ತು.

"ಯವ್ವಾ," ಎಂದ ಯಲ್ಲಾರಿ. "ಘೋಡಗೇರಿಯಿಂದ ಇದರ ಮ್ಯಾಲೆ ಬಂದೀರೇನ್ರಿ?"

ಸಾವಂತ್ರೆವ್ವ ಗೋಡೆಗೆ ಕೈ ಕೊಟ್ಟಳು.

"ಸುಣ್ಣಾ ಐತಲ್ಲ," ಎಂದ ಕೇದಾರಿ. ಅವನಿಗೆ ಅರ್ಥವಾಗಿರಲಿಲ್ಲ. "ಸುಣ್ಣಾ ಇದ್ದದ್ದ ಸಡ್ಲ ಹ್ಯಾಂಗ ಇರತೈತಿ? ಇಸ್ಮಾಯಿಲ ಹಂಗ ಮಾಡಾಂವ ಅಲ್ಲ."

ತಬಸ್ಸುಮ ಒಂದು ನಟ್ಟನ್ನು ಬೆಳಕಿಗೆ ಹಿಡಿದಳು. ಒಣಗಿದ ಸುಣ್ಣದ ಬೊಟ್ಟಿನ ನಡುವೆ ಒಂದು ಗೆರೆ ಇತ್ತು, ಗೋಧಿ ಕಾಳಿನ ನಡುವೆ ಇರುವ ಹಾಗೆ. ಅವಳು ಕೇದಾರಿಯ ಬಲಗೈ ಹಿಡಿದು ತೋರುಬೆರಳನ್ನು ತಿರುಗಿಸಿದಳು. ಎಂದೋ ಎಮ್ಮೆಯೊಂದು ಹಗ್ಗ ಜಗ್ಗಿದಾಗ ಸೀಳಿ, ಕೂಡಿಕೊಂಡ ಗಾಯದ ಗೆರೆ ಅದರ ತುದಿಯಲ್ಲಿ ಉದ್ದಕ್ಕೂ ಇತ್ತು. ತಾನು ಇಟ್ಟ ಗುರುತನ್ನು ಯಾರು ತಿರುಗಿ ಅಷ್ಟು ಹತ್ತಿರದಿಂದ ನೋಡುತ್ತಾರೆ? ಅವನು ಎಂದೂ ನೋಡಿರಲಿಲ್ಲ.

"ಕಾಕಾ," ಎಂದಳು, ಕೈ ಬಿಡದೆ. "ಇದು ನಿಮ್ಮ ಬೆರಳು."

"ನಂದ ಹ್ಯಾಂಗ ಆಗತೈತಿ? ನಿಮ್ಮ ಅಪ್ಪ ಬಿಗದು ಸುಣ್ಣಾ ಇಡತಿದ್ದ..."

"ನಮ್ಮ ಅಬ್ಬಾ ತಂಬಾಕ ತಿಂತಿರಲಿಲ್ಲ ಕಾಕಾ. ಅವರ ಹತ್ರ ಸುಣ್ಣದ ಡಬ್ಬಿನೂ ಇರಲಿಲ್ಲ. ಅವರು ಬಿಗಿತಿದ್ರು. ಸುಣ್ಣಾ ನೀವ್ ಇಡತಿದ್ರಿ." ಸ್ವಲ್ಪ ತಡೆದು ಹೇಳಿದಳು, "ಬಿಗದ ಕೈ ಗುರ್ತಾ ಹಚ್ಚಬಾರದು ಅಂತ ಅಬ್ಬಾ ಅಂತಿದ್ರು. ಎರಡನೇ ಕಣ್ಣ ಬೇಕು ಅಂತ. ನಾ ಬುತ್ತಿ ತಂದಾಗ ನನ್ನ ಮೂಗಿಗೂ ಒಂದ ಬೊಟ್ಟ ಇಡತಿದ್ರಿ ನೀವು. ಇದನ್ನೂ ಬಿಗದೀವಿ, ಇನ್ನ ಅಳಂಗಿಲ್ಲ ಅಂತ."

ಸಾವಂತ್ರೆವ್ವ ಸೆರಗಿನ ಗಂಟು ಬಿಚ್ಚಿದಳು. ಚಿಂದಿಯಲ್ಲಿ ಕಟ್ಟಿದ ಲವಂಗಗಳನ್ನು ಗಂಡನ ಅಂಗೈಗೆ ಹಾಕಿದಳು. "ನಿಮ್ಮ ಕಿಸೆದಾಗ ಸಿಕ್ಕಾವ್ರಿ," ಎಂದಳು. "ನಾ ಹೇಳಬೇಕಿತ್ತು. ಹೇಳಲಿಲ್ಲ."

ಕೇದಾರಿ ಅಂಗೈ ನೋಡಿಕೊಂಡ. ಹಿಂದಿನ ಮೂರು ವಾರಗಳ ಮಧ್ಯಾಹ್ನಗಳನ್ನು ನೆನಪಿಸಿಕೊಳ್ಳಲು ಯತ್ನಿಸಿದ. ಊಟ ಮಾಡಿದ್ದು ನೆನಪಿತ್ತು. ಚಾಪೆ ಹಾಸಿದ್ದು ನೆನಪಿತ್ತು. ಸಂಜೆಯ ಚಹಾ ನೆನಪಿತ್ತು. ನಡುವೆ ಏನೂ ಇರಲಿಲ್ಲ. ಆ ನಡುವಿನಲ್ಲಿ ಅವನ ಮೈ ಎದ್ದು, ಬೀಗ ತೆಗೆದು, ಪಾನಾ ಹಿಡಿಯದೆಯೇ, ಕಾರನ್ನು ಸುತ್ತಿ ಸುತ್ತಿ ತನ್ನ ಹಳೆಯ ಕೆಲಸವನ್ನಷ್ಟೇ ಮಾಡಿತ್ತು. ಬಿಗಿಯುವವನಿಗಾಗಿ ಕಾಯದೆ ಸುಣ್ಣ ಇಟ್ಟಿತ್ತು. ಗಾಲಿ ಬದಲಿಸಿ ಬೆರಳಲ್ಲಷ್ಟೇ ತಿರುಗಿಸಿಟ್ಟ ನಟ್ಟುಗಳ ಮೇಲೂ ಇಟ್ಟಿತ್ತು. ಶೆಡ್ಡಿಗೆ ಬರುತ್ತಿದ್ದ ಆ ಇನ್ನೊಬ್ಬ ಅವನೇ. ಬಾಗಿಲಲ್ಲಿ ಅವನು ಕೆಮ್ಮುತ್ತಿದ್ದದ್ದು ತನಗೇ.

ಸತ್ತವನು ಬರುತ್ತಾನೆ ಎಂದಾಗ ಬಾರದ ನಡುಕ ಈಗ ಬಂತು. ಯಲ್ಲಾರಿ ಸ್ಟೂಲು ತಂದು ಅವನನ್ನು ಕೂಡಿಸಿದ.

"ನಿನ್ನ ಕೂಡಿಸಿಕೊಂಡ ಬಂದೆ," ಎಂದ ಮಗಳಿಗೆ, ತಲೆ ಎತ್ತದೆ. "ಆ ಗಾಲಿ ಮ್ಯಾಲೆ."

ನಂದಿನಿ ಅವನ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡಳು.

ಯಲ್ಲಾರಿ ಮತ್ತೆ ಗಾಲಿಯ ಮುಂದೆ ಒದ್ದಾಡುತ್ತಿದ್ದ. ನಾಲ್ಕನೆಯ ನಟ್ಟು ಬಿಚ್ಚುತ್ತಿರಲಿಲ್ಲ. ಕೈಯಿಂದ ಆಗಲಿಲ್ಲ, ಪಾನಾದಿಂದ ಆಗಲಿಲ್ಲ. ಕಾರು ಕೆಳಗಿಳಿಸಿ, ಪಾನಾಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತ. ಕೀರ್ ಎಂದು ಅರಚಿ ಅದು ಕೂದಲೆಳೆಯಷ್ಟು ಕದಲಿತು.

"ಇದೊಂದ ನಿಮ್ಮನ್ನ ಇಲ್ಲೀ ತನಕಾ ತಂದೈತ್ರಿ," ಎಂದು ಬೆವರು ಒರೆಸಿಕೊಂಡ. "ಯಾರ ಬಿಗದಾರ ಇದನ್ನ? ಮನಷ್ಯಾರೇನ?"

ತಬಸ್ಸುಮ ಬಗ್ಗಿ ನೋಡಿದಳು. ಅದರ ಮೇಲೆ ಸುಣ್ಣವಿರಲಿಲ್ಲ. ಸುಣ್ಣ ಇಟ್ಟು ಅಳಿಸಿದ ಕಲೆಯೂ ಇರಲಿಲ್ಲ. ತುಕ್ಕಿನ ಕೆಂಪು ಮಾತ್ರ ಇತ್ತು, ಪಾನಾದ ಹಲ್ಲು ಕಚ್ಚಿದ ಹೊಸ ಹೊಳಪು ಅದರ ಅಂಚಿನಲ್ಲಿತ್ತು. ಅವಳು ಬಹಳ ಹೊತ್ತು ಹಾಗೆಯೇ ಬಗ್ಗಿದ್ದಳು.

"ಮೊದಲನೇದ ನೀವ ಬಿಗದಿರಬೇಕು ಕಾಕಾ," ಎಂದಳು ಕೊನೆಗೆ. "ಸುಣ್ಣಾ ಹಚ್ಚೂದ ಮರತಿರಬೇಕು. ಆಮ್ಯಾಲ ಉಳದದ್ದ ಬಿಗಿಯೂದ ಮರತಿರಬೇಕು. ಹಂಗ ಆಗತೈತಿ."

ಮಾತು ಸರಿಯಾಗಿಯೇ ಇತ್ತು. ಅದನ್ನು ಹೇಳುವಾಗ ಅವಳು ಕೇದಾರಿಯ ತೋಳುಗಳನ್ನು ನೋಡಲಿಲ್ಲ. ಅರವತ್ಮೂರರ ಆ ತೋಳುಗಳು ಒಣಗಿದ ಜೋಳದ ದಂಟಿನಷ್ಟಿದ್ದವು.

ಕೇದಾರಿ ಎದ್ದು ಗಾಲಿಯ ಹತ್ತಿರ ಬಂದ. ಯಲ್ಲಾರಿ ಆ ನಟ್ಟನ್ನು ಮತ್ತೆ ಬಿಗಿದು, ಬಿಚ್ಚಿ ಬಂದಿದ್ದ ಮೂರನ್ನೂ ಹಾಕಿ ಬಿಗಿದು ಮುಗಿಸುವ ತನಕ ಕಾದ. ಆಮೇಲೆ ಕಿಸೆಯಿಂದ ಚಂಚಿ ತೆಗೆದು, ಸುಣ್ಣದ ಡಬ್ಬಿ ತೆರೆದು, ತಬಸ್ಸುಮಳ ಮುಖ ನೋಡಿದ.

"ಹಚ್ರಿ," ಎಂದಳು.

ಮೂರು ನಟ್ಟುಗಳಿಗೆ ಬೊಟ್ಟಿಟ್ಟ. ನಾಲ್ಕನೆಯದರ ಮುಂದೆ ಬೆರಳು ತಡೆಯಿತು. "ಇದು ಬಾಕಿ ಉಳದಿತ್ತು," ಎಂದು ಯಾರಿಗೋ ಹೇಳಿದ. ಮೆಲ್ಲಗೆ, ಗೆರೆಯಿದ್ದ ಬೆರಳನ್ನು ಅದರ ಮೇಲೆ ಒತ್ತಿದ. ಆಮೇಲೆ ಅಂಗಿ ಎತ್ತಿ, ಉಡದಾರದ ಗಂಟು ಬಿಚ್ಚಿ, ಎರಡೂ ಚಾವಿಗಳನ್ನು ಸಾವಂತ್ರೆವ್ವನ ಕೈಗೆ ಕೊಟ್ಟ. ಸೊಂಟದ ಮೇಲೆ ಅವು ಇದ್ದ ಜಾಗ ಬೆಳ್ಳಗೆ ಕಂಡಿತು.

ಕಾರು ಮೂರು ದಿನ ಸರ್ವಿಸ್ ಸೆಂಟರಿನಲ್ಲೇ ಉಳಿಯಿತು. ಬ್ರೇಕಿನ ಪೈಪು ಬದಲಾಯಿತು, ನಾಲ್ಕೂ ಗಾಲಿ ಹೊಸದಾದವು. ಕೇದಾರಿಯನ್ನು ಗೋಕಾಕದ ದೊಡ್ಡ ಡಾಕ್ಟರಿಗೆ ತೋರಿಸಿದರು. ನಿದ್ದೆಯಲ್ಲಿ ಎದ್ದು ನಡೆಯುವ ರೋಗಕ್ಕೆ ಅವರು ಹೇಳಿದ ಹೆಸರನ್ನು ಅವನು ದನದ ರೋಗದ ಹೆಸರು ಕೇಳುವವನ ಹಾಗೆ ಶಾಂತವಾಗಿ ಕೇಳಿಸಿಕೊಂಡ. ಮಧ್ಯಾಹ್ನ ಈಗ ಸಾವಂತ್ರೆವ್ವ ಅವನ ಪಕ್ಕದಲ್ಲೇ ಚಾಪೆ ಹಾಸುತ್ತಾಳೆ. ತನ್ನ ಸೆರಗಿನ ತುದಿಯನ್ನು ಅವನ ಕೈಗೆ ಸುತ್ತಿರುತ್ತಾಳೆ. "ಎಮ್ಮಿ ಕಟ್ಟಿದಂಗ ಕಟ್ಟತಾಳ," ಎಂದು ಅವನು ನಗುತ್ತಾನೆ.

ನಂದಿನಿಗೆ ನೋವು ಬಂದದ್ದು ಒಂದು ಮುಂಜಾನೆ. ಹಿಂದಿನ ದಿನವೇ ಬಂದಿದ್ದ ಅಜಿತ ಕಾರನ್ನು ಶೆಡ್ಡಿನಿಂದ ಹೊರಗೆ ತಂದ. "ಮಾವಾರ, ಹತ್ರಿ ಲಗೂನ," ಎಂದ.

"ಒಂದ ನಿಮಿಷ," ಎಂದ ಕೇದಾರಿ.

ಮಾವನಿಗೆ ಏನು ಬೇಕೆಂದು ಅಜಿತನಿಗೆ ಗೊತ್ತಿತ್ತು. ಪಾನಾ ಹಿಡಿದು ನಾಲ್ಕು ಗಾಲಿಗಳ ಹದಿನಾರು ನಟ್ಟುಗಳನ್ನೂ ಒಮ್ಮೆ ಜಗ್ಗಿ ನೋಡಿದ. ಒಂದೂ ಕದಲಲಿಲ್ಲ. ಅವನ ಹಿಂದೆಯೇ ಬಗ್ಗಿ ಬಂದ ಕೇದಾರಿ ಒಂದೊಂದಕ್ಕೂ ಬೊಟ್ಟಿಟ್ಟ. ನೋವಿನ ನಡುವೆಯೂ ನಂದಿನಿ ಅದನ್ನು ಎಣಿಸುತ್ತ ಕಾದಳು.

ಕೇದಾರಿ ಹಿಂದಿನ ಸೀಟಿನಲ್ಲಿ ಮಗಳ ಕೈ ಹಿಡಿದು ಕುಳಿತ. ಕಬ್ಬು ಕಡಿದು ಮುಗಿದಿತ್ತು. ಎರಡೂ ಬದಿ ಬಯಲು ಬೆಳ್ಳಗೆ ಬಿದ್ದಿತ್ತು. ಹೊಳೆಯ ಸೇತುವೆ ಬಂದಾಗ ಅವನು ಕಿಟಕಿಯ ಗಾಜು ಇಳಿಸಿ, ಎಡಗಡೆಗೆ ತಲೆ ವಾಲಿಸಿದ.

"ಏನ ಕೇಳಾಕತ್ತಿ ಅಪ್ಪಾ?" ಎಂದಳು ನಂದಿನಿ, ಹಲ್ಲು ಕಚ್ಚಿ.

ಇಂಜಿನ್ನಿನ ಸದ್ದು ಇತ್ತು. ಕೆಳಗೆ ನೀರಿನ ಸದ್ದು ಇತ್ತು. ಬೇರೇನೂ ಇರಲಿಲ್ಲ. ಗಾಲಿಗಳು ಒಂದು ಮಾತೂ ಆಡದೆ ಸೇತುವೆ ದಾಟಿದವು.

"ಏನಿಲ್ಲ," ಎಂದ. ಸೇತುವೆ ಹಿಂದೆ ಬಿದ್ದ ಮೇಲೂ ಸ್ವಲ್ಪ ದೂರದ ತನಕ ಅವನು ಗಾಜು ಏರಿಸಲಿಲ್ಲ.